ಗಡಿಯಾರ ನಿಲ್ಲುವುದು ಮೂರನೆಯವನಿಗೆ

1960ರ ಆಗಸ್ಟ್ 26, ಶುಕ್ರವಾರ. ರೋಮ್ ಒಲಿಂಪಿಕ್ ಕ್ರೀಡಾಕೂಟ ಉದ್ಘಾಟನೆಯಾದ ಮರುದಿನ. ನಗರದಿಂದ ಸಮುದ್ರ ತೀರದತ್ತ ಸಾಗುವ ಕ್ರಿಸ್ಟೊಫೊರೊ ಕೊಲೊಂಬೊ ಹೆದ್ದಾರಿಯ ಮೇಲೆ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿತ್ತು. ಆ ಕಾದ ಡಾಂಬರಿನ ಮೇಲೆ ನಾಲ್ವರು ನಾಲ್ವರ ಸೈಕಲ್ ತಂಡಗಳು ಸಾಲುಗಟ್ಟಿ ಹೋಗುತ್ತಿದ್ದವು. ಡೆನ್ಮಾರ್ಕ್ ತಂಡದಲ್ಲಿದ್ದವರು ಯೋರ್ಗೆನ್ಸೆನ್, ಬೌನ್ಸೊ, ಬಾಂಗ್ಸ್‌ಬೋರ್ಗ್ ಮತ್ತು 23 ವರ್ಷದ ಕ್ನುಡ್ ಎನೆಮಾರ್ಕ್ ಯೆನ್ಸನ್.

ಮೊದಲ ಸುತ್ತು ಮುಗಿಯುವಷ್ಟರಲ್ಲಿ ಯೋರ್ಗೆನ್ಸೆನ್ ಬಿಸಿಲಿಗೆ ಬಸವಳಿದು ಸ್ಪರ್ಧೆಯಿಂದ ಹೊರಬಿದ್ದರು. ಉಳಿದವರು ಮೂವರು. ನಿಯಮದ ಪ್ರಕಾರ ಮೂವರು ಗುರಿ ಮುಟ್ಟಿದರೆ ಸಾಕು. ಆದರೆ ಮೂವರಂತೂ ಮುಟ್ಟಲೇಬೇಕು. ಒಬ್ಬ ಕಡಿಮೆಯಾದರೂ ತಂಡವೇ ಲೆಕ್ಕಕ್ಕಿಲ್ಲ. ಸ್ವಲ್ಪ ದೂರ ಹೋದ ಮೇಲೆ ಯೆನ್ಸನ್ 'ತಲೆ ಸುತ್ತುತ್ತಿದೆ' ಎಂದರು. ಜತೆಗಾರರಿಬ್ಬರೂ ಎರಡು ಬದಿಗೆ ಬಂದು ಅವರನ್ನು ಹಿಡಿದುಕೊಂಡರು. ಮೈಮೇಲೆ ನೀರು ಚಿಮುಕಿಸಿದರು. ತುಸು ಚೇತರಿಸಿಕೊಂಡಂತೆ ಕಂಡಿತು, ಕೈ ಬಿಟ್ಟರು. ಯೆನ್ಸನ್ ರಸ್ತೆಗೆ ಬಿದ್ದರು, ತಲೆಗೆ ಬಲವಾದ ಪೆಟ್ಟಾಯಿತು. ಅಂದೇ ಮಧ್ಯಾಹ್ನ, ಪ್ರಜ್ಞೆ ಮರಳದೆಯೇ, ತೀರಿಕೊಂಡರು. 1912ರಲ್ಲಿ ಪೋರ್ಚುಗಲ್‌ನ ಮ್ಯಾರಥಾನ್ ಓಟಗಾರ ಫ್ರಾನ್ಸಿಸ್ಕೊ ಲಜಾರೊ ಸತ್ತ ಬಳಿಕ ಒಲಿಂಪಿಕ್ ಸ್ಪರ್ಧೆಯ ನಡುವೆಯೇ ಕುಸಿದು ಜೀವ ತೆತ್ತ ಎರಡನೆಯ ಕ್ರೀಡಾಪಟು ಅವರು.

ಯೆನ್ಸನ್ ಸಾವಿಗೆ ಉದ್ದೀಪನ ಮದ್ದೇ ಕಾರಣ ಎಂಬ ಮಾತು ಆಗಲೇ ಹುಟ್ಟಿತು. ರಕ್ತನಾಳಗಳನ್ನು ಹಿಗ್ಗಿಸುವ ಔಷಧಿಯೊಂದನ್ನು ಸವಾರರಿಗೆ ಕೊಟ್ಟಿದ್ದರೆಂಬ ಸುದ್ದಿ ಹಬ್ಬಿತು. ಒಲಿಂಪಿಕ್ ಸಮಿತಿ ಮದ್ದಿನ ವಿರುದ್ಧ ವೈದ್ಯಕೀಯ ಆಯೋಗ ರಚಿಸಿದ್ದಕ್ಕೂ, 1968ರಿಂದ ಪರೀಕ್ಷೆಗಳು ಜಾರಿಯಾದದ್ದಕ್ಕೂ ಈ ಸಾವು ಒಂದು ಮುಖ್ಯ ಪ್ರಚೋದನೆ. ಆದರೆ ಇಟಲಿಯ ವೈದ್ಯರ ಮರಣೋತ್ತರ ವರದಿ ಹೇಳಿದ್ದು ಬಿಸಿಲಿನ ಆಘಾತ ಎಂದು. ಮದ್ದಿನ ಕಥೆಗೆ ಗಟ್ಟಿ ಆಧಾರವಿಲ್ಲ ಎಂದು ಡೆನ್ಮಾರ್ಕಿನ ಸಂಶೋಧಕರು ಮುಂದೆ ವಾದಿಸಿದರು. ಈ ವಾದ ವಿವಾದಗಳಲ್ಲಿ ಒಂದು ಸಣ್ಣ ಸಂಗತಿ ಮಾತ್ರ ಹಿಂದೆ ಸರಿದುಬಿಟ್ಟಿತು. ಯೋರ್ಗೆನ್ಸೆನ್ ಹೊರಬೀಳದೆ ಇದ್ದಿದ್ದರೆ ಯೆನ್ಸನ್ ತಲೆ ಸುತ್ತಿದ ಕೂಡಲೇ ಸೈಕಲ್ ಇಳಿದು ಮರದ ನೆರಳಿಗೆ ಹೋಗಿ ಕೂರಬಹುದಿತ್ತು. ಕೂರದಂತೆ ತಡೆದದ್ದು ಎರಡು ಬದಿಯ ಎರಡು ಕೈಗಳು. ಆ ಕೈಗಳ ಹಿಂದಿದ್ದದ್ದು ಸ್ನೇಹವೋ, ಪದಕದ ಆಸೆಯೋ, ನಿಯಮವೋ? ಬಹುಶಃ ಮೂರನ್ನೂ ಬೇರೆ ಮಾಡಿ ತೋರಿಸುವುದು ಸಾಧ್ಯವಿಲ್ಲ.

ಆ ಸ್ಪರ್ಧೆಯ ಹೆಸರು ತಂಡ ಟೈಮ್ ಟ್ರಯಲ್. 100 ಕಿಲೋಮೀಟರ್ ರಸ್ತೆ, ನಾಲ್ವರು ಹವ್ಯಾಸಿ ಸವಾರರು, ಒಂದು ಗಡಿಯಾರ. ಗಡಿಯಾರ ನಿಲ್ಲುವುದು ಮೊದಲನೆಯವನು ಗೆರೆ ದಾಟಿದಾಗ ಅಲ್ಲ, ಮೂರನೆಯವನು ದಾಟಿದಾಗ. ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಬಾರಿ ನಡೆದದ್ದೇ ಆ ದಿನ ರೋಮ್‌ನಲ್ಲಿ. ಕೊನೆಯ ಬಾರಿ ನಡೆದದ್ದು 1992ರಲ್ಲಿ ಬಾರ್ಸಿಲೋನಾದಲ್ಲಿ. ನಡುವಿನ ಮೂರು ದಶಕಗಳಲ್ಲಿ ಜತೆಗಾರ ಎಂದರೆ ಯಾರು, ಹವ್ಯಾಸಿ ಎಂದರೆ ಯಾರು ಎಂಬ ಎರಡು ಪ್ರಶ್ನೆಗಳನ್ನು ಈ ಸ್ಪರ್ಧೆ ಮತ್ತೆ ಮತ್ತೆ ಕೆದಕಿತು. ಪ್ರಶ್ನೆಗಳು ಮಾತ್ರ ಸ್ಪರ್ಧೆಗಿಂತ ಬಹಳ ಹಳೆಯವು.

ಸೇವಕನಿಗೆ ಪದಕವೇ?

ರಸ್ತೆಯ ಮೇಲೆ ಊರಿಂದೂರಿಗೆ ನಡೆದ ಮೊದಲ ದೊಡ್ಡ ಸೈಕಲ್ ಸ್ಪರ್ಧೆ 1869ರ ನವೆಂಬರ್ 7ರ ಪ್ಯಾರಿಸ್-ರೂಆಂ ಸ್ಪರ್ಧೆ. ಸುಮಾರು 123 ಕಿಲೋಮೀಟರ್ ದೂರವನ್ನು ಹತ್ತೂವರೆ ಗಂಟೆಗೂ ಹೆಚ್ಚು ಕಾಲ ತುಳಿದು ಗೆದ್ದವರು ಜೇಮ್ಸ್ ಮೂರ್ ಎಂಬ ಇಂಗ್ಲಿಷ್ ಯುವಕ. ಆಗ ತಂಡವೆಂಬುದು ಯಾರ ಕಲ್ಪನೆಯಲ್ಲೂ ಇರಲಿಲ್ಲ. ಸೈಕಲ್ ತನ್ನದು, ಕಾಲು ತನ್ನದು, ಗೆಲುವೂ ತನ್ನದು.

1896ರ ಅಥೆನ್ಸ್‌ನ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿ ಅಥೆನ್ಸ್‌ನಿಂದ ಮ್ಯಾರಥಾನ್‌ಗೆ ಹೋಗಿ ಹಿಂದಿರುಗುವ 87 ಕಿಲೋಮೀಟರ್ ರಸ್ತೆ ಸ್ಪರ್ಧೆಯಿತ್ತು. ಗ್ರೀಸ್‌ನ ಅರಿಸ್ಟಿಡಿಸ್ ಕಾನ್‌ಸ್ಟಾಂಟಿನಿಡಿಸ್ ಗೆದ್ದರು. ಮೂರನೆಯ ಸ್ಥಾನ ಎಡ್ವರ್ಡ್ ಬ್ಯಾಟೆಲ್ ಅವರದು. ಈ ಬ್ಯಾಟೆಲ್ ಅಥೆನ್ಸ್‌ನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಸೇವಕರಾಗಿದ್ದವರು. ಅವರನ್ನು ಸ್ಪರ್ಧೆಯಿಂದ ದೂರವಿಡಲು ಅಲ್ಲಿದ್ದ ಕೆಲವು ಬ್ರಿಟಿಷರೇ ಪ್ರಯತ್ನಿಸಿದರಂತೆ. ಹೊಟ್ಟೆಪಾಡಿಗೆ ದುಡಿಯುವವನು ಸಭ್ಯ ಗೃಹಸ್ಥನಲ್ಲ, ಸಭ್ಯ ಗೃಹಸ್ಥನಲ್ಲದವನು ಹವ್ಯಾಸಿಯಲ್ಲ ಎಂಬುದು ಅವರ ತರ್ಕ. ಬ್ಯಾಟೆಲ್ ಸೈಕಲ್ ತುಳಿದು ಹಣ ಗಳಿಸಿರಲಿಲ್ಲ. ಬಟ್ಟಲು ತೊಳೆಯುವ ಮಂದಿಯ ಸಾಲಿಗೆ ಸೇರಿದವರು, ಅಷ್ಟೇ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ 'ಹವ್ಯಾಸಿ' ಎಂಬ ಪದ ಕ್ರೀಡೆಯ ಪದವಾಗಿದ್ದುದಕ್ಕಿಂತ ಹೆಚ್ಚಾಗಿ ವರ್ಗದ ಪದವಾಗಿತ್ತು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪ್ರಸಂಗ ಸಿಗುವುದು ಕಷ್ಟ.

ಇನ್ನೊಂದು ತಮಾಷೆ ನೋಡಿ. ಹದಿನೈದು ವರ್ಷಗಳ ನಂತರ, 1911ರ ಟೂರ್ ದ ಫ್ರಾನ್ಸ್‌ನಲ್ಲಿ ಮಾರಿಸ್ ಬ್ರೊಕೊ ಎಂಬ ಸವಾರ ಸ್ವಂತ ಗೆಲುವಿನ ಆಸೆ ಬಿಟ್ಟು ಫ್ರಾಂಸ್ವಾ ಫಾಬರ್‌ಗೆ ಸಹಾಯ ಮಾಡಿದರು. ಸ್ಪರ್ಧೆಯ ಸ್ಥಾಪಕ, ಪತ್ರಕರ್ತ ಹೆನ್ರಿ ದೆಗ್ರಾಂಜ್‌ಗೆ ಇದು ಸಹಿಸಲಿಲ್ಲ. ಬ್ರೊಕೊ ಒಬ್ಬ 'ಡೊಮೆಸ್ಟೀಕ್', ಅಂದರೆ ಮನೆಯಾಳು, ಎಂದು ತಮ್ಮ ಪತ್ರಿಕೆಯಲ್ಲಿ ಜರೆದರು. ಆ ಬೈಗುಳವೇ ಮುಂದೆ ಸೈಕಲ್ ಜಗತ್ತಿನಲ್ಲಿ ಸಹಾಯಕ ಸವಾರನ ಅಧಿಕೃತ ಹೆಸರಾಗಿ ಉಳಿಯಿತು. ಅಲ್ಲಿ ಸೇವಕ ಸವಾರನಾಗಲು ಹೊರಟಾಗ ತಕರಾರು, ಇಲ್ಲಿ ಸವಾರ ಸೇವಕನಾಗಲು ಹೊರಟಾಗ ತಕರಾರು. ವೃತ್ತಿಪರರ ಲೋಕದಲ್ಲಿ ಈ ಸೇವೆಗೆ ಕ್ರಮೇಣ ಸಂಬಳ ನಿಗದಿಯಾಯಿತು, ತಕರಾರು ಮುಗಿಯಿತು. ಸಂಬಳವಿಲ್ಲದ ಹವ್ಯಾಸಿ ಮಾತ್ರ ಜತೆಗಾರನಿಗಾಗಿ ಯಾಕೆ ಬೆವರು ಸುರಿಸಬೇಕು?

ಒಲಿಂಪಿಕ್ಸ್ ಮೊದಲಿಗೆ ಈ ಪ್ರಶ್ನೆಯನ್ನು ಕೂಡುವ ಲೆಕ್ಕದಿಂದ ಬಗೆಹರಿಸಿಕೊಂಡಿತು. 1912ರ ಸ್ಟಾಕ್‌ಹೋಮ್‌ನಲ್ಲಿ ಮೆಲಾರೆನ್ ಸರೋವರವನ್ನು ಸುತ್ತುವ ಸುಮಾರು 320 ಕಿಲೋಮೀಟರ್ ಸ್ಪರ್ಧೆ ನಡೆಯಿತು. ಬೆಳಗಿನ ಜಾವ ಎರಡು ಗಂಟೆಗೆ ಆರಂಭ. ಎರಡೆರಡು ನಿಮಿಷಕ್ಕೊಬ್ಬರಂತೆ ಸವಾರರನ್ನು ಬಿಟ್ಟರು. ದಕ್ಷಿಣ ಆಫ್ರಿಕದ ರುಡಾಲ್ಫ್ ಲೂಯಿಸ್ ಹತ್ತು ಗಂಟೆ ನಲವತ್ತೆರಡು ನಿಮಿಷಗಳಲ್ಲಿ ಗೆದ್ದರು. ಒಂದೊಂದು ದೇಶದ ಉತ್ತಮ ನಾಲ್ವರ ಸಮಯ ಕೂಡಿಸಿ ಸ್ವೀಡನ್‌ಗೆ ತಂಡದ ಚಿನ್ನ ಕೊಟ್ಟರು. ಆ 'ತಂಡ'ದವರು ದಾರಿಯುದ್ದಕ್ಕೂ ಒಬ್ಬರ ಮುಖವನ್ನೊಬ್ಬರು ನೋಡಿರಲೇಬೇಕೆಂದಿಲ್ಲ. ತಂಡವಿದ್ದದ್ದು ಕಾಗದದ ಮೇಲೆ.

1936ರ ಬರ್ಲಿನ್‌ನಲ್ಲಿ ಎಲ್ಲರನ್ನೂ ಒಟ್ಟಿಗೆ ಬಿಟ್ಟರು. ಆಗ ಜತೆಗಾರರು ಎದುರು ಬದುರಾದರು. 100 ಕಿಲೋಮೀಟರ್ ಮುಗಿಯುತ್ತ ಬಂದಾಗ ಫ್ರಾನ್ಸ್‌ನ ರೊಬರ್ ಶಾರ್ಪಾಂತಿಯೆ ಮತ್ತು ಗೀ ಲಾಪೆಬಿ ಮುಂದಿದ್ದರು. ಗೆರೆಯ ಹತ್ತಿರ ಲಾಪೆಬಿಯ ವೇಗ ಇದ್ದಕ್ಕಿದ್ದಂತೆ ತಗ್ಗಿತು, ಶಾರ್ಪಾಂತಿಯೆ 0.2 ಸೆಕೆಂಡಿನಿಂದ ಗೆದ್ದರು. ಏನಾಯಿತೆಂದು ಆಗ ಯಾರಿಗೂ ತಿಳಿಯಲಿಲ್ಲ. ಆಮೇಲೆ ಬೆಳಕಿಗೆ ಬಂದ ಛಾಯಾಚಿತ್ರವೊಂದರಲ್ಲಿ ಶಾರ್ಪಾಂತಿಯೆಯ ಕೈ ಲಾಪೆಬಿಯ ಅಂಗಿಯನ್ನು ಹಿಡಿದೆಳೆಯುತ್ತಿತ್ತು! ತಂಡದ ಚಿನ್ನವೂ ಫ್ರಾನ್ಸ್‌ಗೇ ಬಂತು. ಇಬ್ಬರೂ ಒಂದೇ ವೇದಿಕೆಯ ಮೇಲೆ, ಒಂದೇ ರಾಷ್ಟ್ರಗೀತೆಗೆ ನಿಂತರು.

ಗಾಳಿಯ ವಿರುದ್ಧ ನಾಲ್ವರು

ತಂಡ ಟೈಮ್ ಟ್ರಯಲ್ ಹುಟ್ಟಿದ್ದು ಕಾಗದದ ತಂಡವನ್ನು ರಸ್ತೆಗಿಳಿಸಲೆಂದು. ಅಂಗಿ ಎಳೆಯುವ ಅವಕಾಶ ಇಲ್ಲಿಲ್ಲ, ಏಕೆಂದರೆ ಮೊದಲನೆಯವನಾಗಿ ಪ್ರಯೋಜನವಿಲ್ಲ. ಅದರ ಒಳಗುಟ್ಟು ತಿಳಿಯಲು ಭೌತವಿಜ್ಞಾನ ತುಸು ಬೇಕು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರನ ಶಕ್ತಿಯ ಬಹುಪಾಲು ಖರ್ಚಾಗುವುದು ಗಾಳಿಯನ್ನು ಸೀಳಲು. ವೇಗ ತುಸು ಹೆಚ್ಚಿದರೂ ಬೇಕಾದ ಶಕ್ತಿ ಬಹಳಷ್ಟು ಏರುತ್ತದೆ. ವೇಗ ಇಮ್ಮಡಿಯಾದರೆ ಗಾಳಿಗೆ ತೆರುವ ಶಕ್ತಿ ಎಂಟು ಪಟ್ಟು. ಆದರೆ ಮುಂದಿನವನ ಹಿಂಗಾಲಿಗೆ ತನ್ನ ಮುಂಗಾಲಿಯನ್ನು ಗೇಣು ದೂರದಲ್ಲಿಟ್ಟುಕೊಂಡು ಹೋಗುವವನಿಗೆ ಅದೇ ವೇಗಕ್ಕೆ ಮೂರನೇ ಒಂದರಷ್ಟು ಶ್ರಮ ಉಳಿಯುತ್ತದೆ. ಆದ್ದರಿಂದ ನಾಲ್ವರೂ ಸರದಿಯಂತೆ ಮುಂದೆ ಬರುತ್ತಾರೆ. ಮುಂದಿದ್ದವನು ಕೆಲವು ನೂರು ಮೀಟರ್ ಎಳೆದು, ಪಕ್ಕಕ್ಕೆ ಸರಿದು, ಸಾಲು ಮುಂದೆ ಹೋಗುವುದನ್ನು ಕಾದು ಬಾಲಕ್ಕೆ ಅಂಟಿಕೊಳ್ಳುತ್ತಾನೆ. ಗಾಳಿ ಬದಿಯಿಂದ ಬೀಸಿದರೆ ಸಾಲು ನೇರವಾಗಿರದೆ ಓರೆಯಾಗುತ್ತದೆ, ಹಾರುವ ಬಾತುಗಳ ಸಾಲಿನಂತೆ.

ನೋಡಲು ಸರಳ. ಕಷ್ಟ ಇರುವುದು ಎರಡು ಕಡೆ. ಒಂದು, ಬಾಲಕ್ಕೆ ಅಂಟಿಕೊಳ್ಳುವ ಗಳಿಗೆ. ಮುಂದೆ ಎಳೆದು ಸುಸ್ತಾದವನು ಆ ಕ್ಷಣದಲ್ಲಿ ಮತ್ತೊಮ್ಮೆ ವೇಗ ಕೂಡಿಸಿಕೊಳ್ಳಬೇಕು. ಎರಡು ಗಜ ತಪ್ಪಿದರೆ ಗಾಳಿಯ ಮರೆ ತಪ್ಪಿತು, ಮರೆ ತಪ್ಪಿದರೆ ಆತ ಮತ್ತೆ ಸಿಗುವುದಿಲ್ಲ. ಇನ್ನೊಂದು, ಬಲಶಾಲಿಯ ಸಂಯಮ. ತಂಡದ ಅತ್ಯಂತ ಗಟ್ಟಿಗ ತನ್ನ ಸರದಿಯಲ್ಲಿ ವೇಗ ಹೆಚ್ಚಿಸಿದರೆ ದುರ್ಬಲ ಜತೆಗಾರನ ಉಸಿರು ಕಟ್ಟುತ್ತದೆ. ಅದಕ್ಕೇ ಗಟ್ಟಿಗ ವೇಗ ಹೆಚ್ಚಿಸದೆ ಹೆಚ್ಚು ಹೊತ್ತು ಎಳೆಯಬೇಕು. ಬಡಾಯಿಗೆ ಅವಕಾಶವಿಲ್ಲ. ನಾಲ್ಕನೆಯವನನ್ನು ಯಾವಾಗ ಬಿಟ್ಟುಕೊಡಬೇಕು ಎಂಬ ನಿರ್ದಯ ಲೆಕ್ಕವೂ ಉಂಟು. ಅನೇಕ ತಂಡಗಳು ಒಬ್ಬನನ್ನು ಮೊದಲ ಎಪ್ಪತ್ತು ಎಂಬತ್ತು ಕಿಲೋಮೀಟರ್‌ಗೆ ಪೂರ್ತಿ ಬಳಸಿಕೊಂಡು, ಅವನು ಕಳಚಿಬಿದ್ದ ಮೇಲೆ ಮೂವರಾಗಿ ಗುರಿ ಮುಟ್ಟುತ್ತಿದ್ದವು. ಕಳಚಿಬಿದ್ದವನಿಗೂ ಪದಕವುಂಟು. ರೋಮ್‌ನಲ್ಲಿ ಡೆನ್ಮಾರ್ಕಿಗೆ ಆದದ್ದು, ಆ ನಾಲ್ಕನೆಯವನು ಮೊದಲ ಸುತ್ತಿನಲ್ಲೇ ಖರ್ಚಾಗಿದ್ದು.

ರೋಮ್‌ನ ಚಿನ್ನ ಇಟಲಿಗೆ ಹೋಯಿತು. ಬೈಲೆಟ್ಟಿ, ಕೊಲ್ಯಾಟಿ, ಫೋರ್ನೋನಿ, ಟ್ರಾಪೆ ಎಂಬ ನಾಲ್ವರು 2 ಗಂಟೆ 14 ನಿಮಿಷ 33 ಸೆಕೆಂಡುಗಳಲ್ಲಿ ಮುಗಿಸಿದರು. ಬೆಳ್ಳಿ ಜರ್ಮನಿಗೆ. ಪೂರ್ವ, ಪಶ್ಚಿಮ ಎರಡೂ ಆಗ ಒಂದೇ ಹೆಸರಿನಲ್ಲಿ ಸ್ಪರ್ಧಿಸುತ್ತಿದ್ದವು. ಆ ಬೆಳ್ಳಿಯ ತಂಡದಲ್ಲಿದ್ದ ಒಬ್ಬರ ಕಥೆಯನ್ನು ಇಲ್ಲಿ ಹೇಳಲೇಬೇಕು.

ಗುಸ್ಟಾವ್ ಅಡೋಲ್ಫ್ ಶೂರ್ ಪೂರ್ವ ಜರ್ಮನಿಯ ಮನೆಮಾತಾಗಿದ್ದ ಸವಾರ. ಜನ ಪ್ರೀತಿಯಿಂದ 'ಟೇವೆ' ಎನ್ನುತ್ತಿದ್ದರು. 1958 ಮತ್ತು 1959ರಲ್ಲಿ ಹವ್ಯಾಸಿಗಳ ವಿಶ್ವ ರಸ್ತೆ ಚಾಂಪಿಯನ್. ರೋಮ್‌ಗೆ ಹೋಗುವ ಎರಡು ವಾರ ಮೊದಲು, 1960ರ ಆಗಸ್ಟ್ 13ರಂದು, ವಿಶ್ವ ಚಾಂಪಿಯನ್‌ಷಿಪ್ ಅವರ ಸ್ವಂತ ನೆಲದಲ್ಲೇ, ಸ್ಯಾಕ್ಸನಿಯ ಸ್ಯಾಕ್ಸನ್‌ರಿಂಗ್ ಪಥದಲ್ಲಿ ನಡೆಯಿತು. ಮೂರನೆಯ ಸಲ ಗೆದ್ದರೆ ಹವ್ಯಾಸಿಗಳಲ್ಲಿ ಯಾರೂ ಮಾಡದ ಸಾಧನೆ. ಕೊನೆಯ ಹಂತದಲ್ಲಿ ಮುಂದೆ ಉಳಿದವರು ಮೂವರು: ಬೆಲ್ಜಿಯಂನ ವಿಲ್ಲಿ ವಾಂಡೆನ್‌ಬರ್ಗೆನ್, ಶೂರ್, ಮತ್ತು ಶೂರ್ ಅವರ ಜತೆಗಾರ ಬರ್ನ್‌ಹಾರ್ಡ್ ಎಕ್‌ಸ್ಟೈನ್. ಎಕ್‌ಸ್ಟೈನ್ ಮುನ್ನುಗ್ಗಿದರು. ಬೆಲ್ಜಿಯಂ ಸವಾರ ಕದಲಲಿಲ್ಲ. ಅವರ ಕಣ್ಣೆಲ್ಲ ಶೂರ್ ಮೇಲೆ. ಗೆಲ್ಲುವವರು ಶೂರ್, ಅವರು ಹೊರಟಾಗ ಬೆನ್ನು ಹತ್ತಿದರಾಯಿತು ಎಂದು ಕಾದರು. ಶೂರ್ ಹೊರಡಲೇ ಇಲ್ಲ. ಎಕ್‌ಸ್ಟೈನ್ ವಿಶ್ವ ಚಾಂಪಿಯನ್ ಆದರು, ಶೂರ್ ಎರಡನೆಯವರಾದರು.

ಪೂರ್ವ ಜರ್ಮನಿಯ ಪತ್ರಿಕೆಗಳು ಇದನ್ನು ಸಮಾಜವಾದಿ ಒಡನಾಟದ ಪಾಠವೆಂದು ಹಾಡಿ ಹೊಗಳಿದವು. ಶಾಲಾ ಮಕ್ಕಳಿಗೂ ಈ ಕಥೆ ಬಾಯಿಪಾಠ. ಸ್ವಲ್ಪ ತಣ್ಣಗೆ ನೋಡಿದರೆ ಅದು ಸರಳ ಗಣಿತವೂ ಹೌದು. ಮೂವರಲ್ಲಿ ಇಬ್ಬರು ಒಂದೇ ದೇಶದವರಾದಾಗ ಒಬ್ಬ ಹೋಗುವುದು, ಇನ್ನೊಬ್ಬ ಉಳಿಯುವುದು ಯಾವ ತರಬೇತುದಾರನಾದರೂ ಹೇಳುವ ಉಪಾಯ. ಆದರೂ ಆ ಉಪಾಯದಲ್ಲಿ ಉಳಿಯುವವನಾಗಲು ಒಪ್ಪಿದವರು ಆ ದಿನ ಎರಡು ಬಾರಿಯ ಚಾಂಪಿಯನ್ ಎಂಬುದು ಗಣಿತದಿಂದ ಮಾತ್ರ ವಿವರಿಸಲಾಗದ ಸಂಗತಿ. ಇದೇ ಶೂರ್ ಪೂರ್ವ ಜರ್ಮನಿಯ ಕ್ರೀಡಾ ವ್ಯವಸ್ಥೆಯನ್ನು, ಅದರ ಉದ್ದೀಪನ ಮದ್ದಿನ ಕರಾಳ ಚರಿತ್ರೆ ಹೊರಬಂದ ಮೇಲೂ, ಸಮರ್ಥಿಸುತ್ತ ಬಂದರು. 2017ರಲ್ಲಿ ಜರ್ಮನಿಯ ಕ್ರೀಡಾ ಗೌರವ ಪಟ್ಟಿಗೆ ಅವರ ಹೆಸರು ಸೇರದೆ ಹೋದದ್ದು ಅದೇ ಕಾರಣಕ್ಕೆ.

ಸಿಪಾಯಿಗಳು, ವಿದ್ಯಾರ್ಥಿಗಳು ಮತ್ತು ನಾಲ್ವರು ಅಣ್ಣತಮ್ಮಂದಿರು

ಆ ಕಾಲದ ಹವ್ಯಾಸಿ ಸೈಕಲ್ ಲೋಕದ ದೊಡ್ಡ ಜಾತ್ರೆ ಎಂದರೆ 'ಶಾಂತಿ ಓಟ'. ವಾರ್ಸಾ, ಬರ್ಲಿನ್, ಪ್ರಾಗ್ ನಗರಗಳನ್ನು ಬೆಸೆಯುತ್ತಿದ್ದ ಈ ಬಹುದಿನಗಳ ಸ್ಪರ್ಧೆ 1948ರಲ್ಲಿ ಶುರುವಾಯಿತು. ನಡೆಸುತ್ತಿದ್ದವು ಆಯಾ ದೇಶದ ಕಮ್ಯುನಿಸ್ಟ್ ಪಕ್ಷಗಳ ಪತ್ರಿಕೆಗಳು. ಲಾಂಛನ ಪಿಕಾಸೊ ಬರೆದ ಬಿಳಿ ಪಾರಿವಾಳ. ವೈಯಕ್ತಿಕ ಗೆಲುವಿನಷ್ಟೇ ತಂಡದ ಗೆಲುವಿಗೂ ಅಲ್ಲಿ ಮಹತ್ವವಿತ್ತು. ಶಾಂತಿಯ ಹೆಸರಿನ ಈ ಓಟದ ಅತ್ಯಂತ ಅಶಾಂತ ಆರಂಭ 1986ರದು. ಏಪ್ರಿಲ್ 26ರಂದು ಚೆರ್ನೋಬಿಲ್ ಅಣು ಸ್ಥಾವರ ಸ್ಫೋಟಿಸಿತು. ಮೇ 6ರಂದು, ಅಲ್ಲಿಂದ ನೂರು ಕಿಲೋಮೀಟರ್ ಚಿಲ್ಲರೆ ದೂರದ ಕೀವ್ ನಗರದ ಬೀದಿಗಳಲ್ಲಿ ಓಟ ಶುರುವಾಯಿತು. ಹಲವು ಪಾಶ್ಚಾತ್ಯ ದೇಶಗಳು ತಂಡಗಳನ್ನು ಹಿಂದೆಗೆದುಕೊಂಡವು. ಪೂರ್ವ ಯುರೋಪಿನ ಸವಾರರು ಮಾತ್ರ ಹೋಗಲೇಬೇಕಾಯಿತು. ಜತೆಗಾರರೆಲ್ಲ ಹೊರಟಾಗ ನಾನೊಬ್ಬ ಒಲ್ಲೆ ಎನ್ನುವುದು ಆ ವ್ಯವಸ್ಥೆಯಲ್ಲಿ ಎಷ್ಟು ಜನರಿಗೆ ಸಾಧ್ಯವಿತ್ತು?

ಈ ಸವಾರರೆಲ್ಲ ದಾಖಲೆಯಲ್ಲಿ ಹವ್ಯಾಸಿಗಳು. ಒಬ್ಬ ಸೈನಿಕ, ಒಬ್ಬ ವಿದ್ಯಾರ್ಥಿ, ಇನ್ನೊಬ್ಬ ಕಾರ್ಖಾನೆಯ ನೌಕರ. ವಾಸ್ತವದಲ್ಲಿ ಅವರು ವರ್ಷವಿಡೀ ಮಾಡುತ್ತಿದ್ದ ಕೆಲಸ ಸೈಕಲ್ ತುಳಿಯುವುದೊಂದೇ. 1896ರಲ್ಲಿ ಸಂಬಳದ ಸೇವಕ ಹವ್ಯಾಸಿಯಲ್ಲ ಎಂದಿದ್ದ ಲೋಕವೇ ಈಗ ಸರ್ಕಾರದ ಸಂಬಳ ಪಡೆಯುವವರನ್ನು ಹವ್ಯಾಸಿಗಳೆಂದು ಒಪ್ಪಿಕೊಂಡಿತು. ಒಲಿಂಪಿಕ್ ಸಮಿತಿಯ ಒತ್ತಾಯಕ್ಕೆ ಮಣಿದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 1965ರಲ್ಲಿ ಹವ್ಯಾಸಿಗಳಿಗೊಂದು, ವೃತ್ತಿಪರರಿಗೊಂದು ಎಂದು ತನ್ನೊಳಗೆ ಎರಡು ಮನೆ ಮಾಡಿಕೊಂಡಿತ್ತು. ತಂಡ ಟೈಮ್ ಟ್ರಯಲ್‌ನಲ್ಲಿ ಸೋವಿಯೆತ್ ಒಕ್ಕೂಟ 1972, 1976 ಮತ್ತು 1980ರಲ್ಲಿ ಸತತವಾಗಿ ಚಿನ್ನ ಗೆದ್ದಿತು. ದೊಡ್ಡ ದೇಶ, ಆರಿಸಿಕೊಳ್ಳಲು ಸಾವಿರಾರು ಯುವಕರು, ತಿಂಗಳುಗಟ್ಟಲೆ ಒಟ್ಟಿಗೆ ಶಿಬಿರ. ಈ ಸ್ಪರ್ಧೆ ಕೇಳುವುದೂ ಅದನ್ನೇ.

ಆ ಶಿಬಿರಗಳಿಗೆ ಎದುರಾಗಿ ನಿಲ್ಲುವ ಚಿತ್ರ ಸ್ವೀಡನ್‌ನದು. ನೈರುತ್ಯ ಸ್ವೀಡನ್‌ನ ವೋರ್ಗೋರ್ಡಾ ಪಟ್ಟಣದ ಸಮೀಪ ಫೋಗ್ಲುಮ್ ಎಂಬ ಹಳ್ಳಿ. ಅಲ್ಲಿನ ಪೆಟರ್ಸನ್ ಮನೆಯಲ್ಲಿ ನಾಲ್ವರು ಗಂಡುಮಕ್ಕಳು. ಗೋಸ್ಟಾ ಹುಟ್ಟಿದ್ದು 1940ರಲ್ಲಿ, ಸ್ಟುರೆ 1942ರಲ್ಲಿ, ಎರಿಕ್ 1944ರಲ್ಲಿ, ಥಾಮಸ್ 1947ರಲ್ಲಿ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಹಿರಿಯ ಮೂವರು ಸ್ವೆನ್ ಹಾಮ್ರಿನ್ ಎಂಬ ಇನ್ನೊಬ್ಬ ಸವಾರನ ಜತೆ ಸೇರಿ ತಂಡ ಟೈಮ್ ಟ್ರಯಲ್‌ನ ಕಂಚು ಗೆದ್ದರು. ಕಿರಿಯವನಿಗೆ ಆಗ ಹದಿನೇಳು. ಮೂರು ವರ್ಷ ಕಳೆದ ಮೇಲೆ ಆತನೂ ಸಾಲಿಗೆ ಸೇರಿದ. ಒಂದೇ ತಾಯಿಯ ನಾಲ್ವರು ಮಕ್ಕಳು ಒಂದೇ ಸಾಲಿನಲ್ಲಿ! 1967, 1968, 1969 ಮೂರು ವರ್ಷವೂ ಹವ್ಯಾಸಿಗಳ ವಿಶ್ವ ಚಾಂಪಿಯನ್‌ಷಿಪ್‌ನ ತಂಡ ಟೈಮ್ ಟ್ರಯಲ್ ಅವರದೇ.

ಒಡಹುಟ್ಟಿದವರಾದ್ದರಿಂದ ಗೆದ್ದರು ಎನ್ನುವುದು ಸುಲಭದ ಮಾತು. ಅಣ್ಣತಮ್ಮಂದಿರು ಜಗಳವಾಡಿ ಮನೆ ಒಡೆದುಕೊಂಡ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಇಲ್ಲಿ ಕೆಲಸಕ್ಕೆ ಬಂದದ್ದು ರಕ್ತ ಸಂಬಂಧಕ್ಕಿಂತ ಬಹುಶಃ ರೂಢಿ. ಮುಂದೆ ಹೋಗುವವನ ಹೆಗಲು ಎಷ್ಟು ಅಲುಗಿದರೆ ಅವನಿಗೆ ಸುಸ್ತಾಗಿದೆ, ಎಷ್ಟು ಅಲುಗಿದರೆ ನಟನೆ ಎಂಬುದು ವರ್ಷಾನುಗಟ್ಟಲೆ ಅದೇ ಬೆನ್ನನ್ನು ನೋಡಿದವನಿಗೆ ಗೊತ್ತಿರುತ್ತದೆ. ಸೋವಿಯೆತ್ ಶಿಬಿರಗಳು ಕಟ್ಟಿ ಬೆಳೆಸಲು ಹೆಣಗಿದ್ದು ಇದನ್ನೇ. ಆ ಮನೆಗೆ ಅದು ತಾನಾಗಿ ಒದಗಿತ್ತು.

ಒಲಿಂಪಿಕ್ ಚಿನ್ನ ಮಾತ್ರ ಅವರಿಗೆ ದಕ್ಕಲಿಲ್ಲ. 1968ರಲ್ಲಿ ಮೆಕ್ಸಿಕೊದ ಎತ್ತರದ ನೆಲದಲ್ಲಿ ಹಾಲೆಂಡಿನ ನಾಲ್ವರು ಒಂದೂವರೆ ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಮುಂದಾದರು. ಆ ನಾಲ್ವರಲ್ಲಿ ಒಬ್ಬರು ಯೂಪ್ ಜೂಟೆಮೆಲ್ಕ್, ಮುಂದೆ 1980ರ ಟೂರ್ ದ ಫ್ರಾನ್ಸ್ ಗೆದ್ದವರು. ಪೆಟರ್ಸನ್ ಸೋದರರಿಗೆ ಬೆಳ್ಳಿ. ಎರಡು ವರ್ಷಗಳ ನಂತರ ನಾಲ್ವರೂ ಒಟ್ಟಿಗೇ ಇಟಲಿಯ ಫೆರೆಟ್ಟಿ ತಂಡ ಸೇರಿ ವೃತ್ತಿಪರರಾದರು. ಅಲ್ಲಿ ಸರದಿಯ ನ್ಯಾಯವಿರಲಿಲ್ಲ. ಒಬ್ಬ ನಾಯಕ, ಉಳಿದವರು ದೆಗ್ರಾಂಜ್ ಹೇಳಿದ ಮನೆಯಾಳುಗಳು. ನಾಯಕರಾದವರು ಗೋಸ್ಟಾ. 1971ರಲ್ಲಿ ಅವರು ಜಿರೊ ಡಿ'ಇಟಾಲಿಯ ಗೆದ್ದರು. ಸೋದರರು ಮುಂದೆ ತಮ್ಮ ಕುಲನಾಮವನ್ನೇ ಬದಲಿಸಿ ಹಳ್ಳಿಯ ಹೆಸರು ಫೋಗ್ಲುಮ್ ಇಟ್ಟುಕೊಂಡರು.

ಒಬ್ಬನ ತಪ್ಪಿಗೆ ನಾಲ್ವರು ತೆರುವುದೂ ಈ ಸ್ಪರ್ಧೆಯ ಭಾಗವೇ. 1972ರ ಮ್ಯೂನಿಕ್‌ನಲ್ಲಿ ಹಾಲೆಂಡಿಗೆ ಕಂಚು ಬಂತು. ಆಮೇಲೆ ಆಡ್ ವಾನ್ ಡೆನ್ ಹೂಕ್ ಅವರ ಮೂತ್ರದಲ್ಲಿ ಕೊರಮಿನ್ ಎಂಬ ಉತ್ತೇಜಕ ಸಿಕ್ಕಿತು. ಸೈಕ್ಲಿಂಗ್ ಒಕ್ಕೂಟ ಆಗ ನಿಷೇಧಿಸಿರದ, ಒಲಿಂಪಿಕ್ ಸಮಿತಿ ಮಾತ್ರ ನಿಷೇಧಿಸಿದ್ದ ಪದಾರ್ಥವದು. ನಾಲ್ವರ ಪದಕವೂ ಹೋಯಿತು. ನಾಲ್ಕನೆಯ ಸ್ಥಾನದ ಬೆಲ್ಜಿಯಂಗೆ ಅದನ್ನು ಕೊಡಲಿಲ್ಲ, ಏಕೆಂದರೆ ಅವರ ಪರೀಕ್ಷೆಯೇ ನಡೆದಿರಲಿಲ್ಲ. ಪದಕ ಕಳೆದುಕೊಂಡ ನಾಲ್ವರಲ್ಲಿ ಹೆನ್ನಿ ಕೈಪರ್ ಅದೇ ಕೂಟದ ವೈಯಕ್ತಿಕ ರಸ್ತೆ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. ತಂಡ ಕಸಿದುಕೊಂಡದ್ದನ್ನು ಒಬ್ಬನೇ ಹೋಗಿ ತಂದ ಹಾಗೆ.

ಎರಡು ಮನೆ ಒಂದಾದಾಗ

1984ರಲ್ಲಿ ಪೂರ್ವದ ದೇಶಗಳು ಬಾರದ ಲಾಸ್ ಏಂಜಲೀಸ್‌ನಲ್ಲಿ ಇಟಲಿ ಗೆದ್ದಿತು. 1988ರ ಸೋಲ್‌ನಲ್ಲಿ ಪೂರ್ವ ಜರ್ಮನಿ 100 ಕಿಲೋಮೀಟರನ್ನು 1 ಗಂಟೆ 57 ನಿಮಿಷ 47 ಸೆಕೆಂಡುಗಳಲ್ಲಿ ಮುಗಿಸಿತು. ಗಂಟೆಗೆ ಸುಮಾರು 51 ಕಿಲೋಮೀಟರ್! ಎರಡನೆಯ ಸ್ಥಾನದ ಪೋಲೆಂಡ್ ಹಿಂದೆ ಬಿದ್ದದ್ದು ಕೇವಲ ಏಳು ಸೆಕೆಂಡು. ಎರಡು ಗಂಟೆಯ ದುಡಿಮೆಯಲ್ಲಿ ಏಳು ಸೆಕೆಂಡು ಎಂದರೆ ಯಾರೋ ಒಬ್ಬರು ಎಲ್ಲೋ ಒಮ್ಮೆ ಬಾಲಕ್ಕೆ ಅಂಟಿಕೊಳ್ಳುವಾಗ ತಡವರಿಸಿದಷ್ಟು. ಗೆದ್ದ ನಾಲ್ವರಲ್ಲಿ ಒಬ್ಬರ ಹೆಸರು ಯಾನ್ ಶೂರ್. ಟೇವೆಯ ಮಗ. ಅಪ್ಪನಿಗೆ ರೋಮ್‌ನಲ್ಲಿ ಬೆಳ್ಳಿಗೆ ನಿಂತ ಸ್ಪರ್ಧೆಯಲ್ಲಿ ಮಗನಿಗೆ ಇಪ್ಪತ್ತೆಂಟು ವರ್ಷಗಳ ನಂತರ ಚಿನ್ನ.

ಮರುವರ್ಷ ಬರ್ಲಿನ್ ಗೋಡೆ ಬಿತ್ತು. ಸರ್ಕಾರದ ಸಂಬಳದ ಹವ್ಯಾಸಿಗಳು ಖಾಸಗಿ ಕಂಪೆನಿಗಳ ಸಂಬಳದ ವೃತ್ತಿಪರರಾಗಿ ಪಶ್ಚಿಮಕ್ಕೆ ಹೋದರು. 1992ರಲ್ಲಿ ಒಕ್ಕೂಟದ ಎರಡು ಮನೆಗಳು ಮತ್ತೆ ಒಂದಾದವು. ಅದೇ ವರ್ಷ ಬಾರ್ಸಿಲೋನಾದಲ್ಲಿ ಒಂದುಗೂಡಿದ ಜರ್ಮನಿ ಕೊನೆಯ ಒಲಿಂಪಿಕ್ ತಂಡ ಟೈಮ್ ಟ್ರಯಲ್ ಗೆದ್ದಿತು. 1996ರ ಅಟ್ಲಾಂಟಾದಲ್ಲಿ ವೃತ್ತಿಪರರಿಗೆ ಬಾಗಿಲು ತೆರೆಯಿತು. ತಂಡದ ಜಾಗಕ್ಕೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಸ್ಪರ್ಧೆ ಬಂತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಹವ್ಯಾಸಿಗಳ ತಂಡ ಟೈಮ್ ಟ್ರಯಲ್ 1994ಕ್ಕೆ ಮುಗಿಯಿತು. 2012ರಿಂದ 2018ರವರೆಗೆ ಅದು ಮರಳಿ ಬಂದದ್ದು ನಿಜ, ಆದರೆ ದೇಶಗಳ ಹೆಸರಿನಲ್ಲಲ್ಲ, ಕಂಪೆನಿಗಳ ತಂಡಗಳ ಹೆಸರಿನಲ್ಲಿ. ವೃತ್ತಿಪರರ ಎದುರು ನಿಲ್ಲಲಾಗದ ಶಾಂತಿ ಓಟವೂ ಕೃಶವಾಗುತ್ತ ಹೋಗಿ 2006ರಲ್ಲಿ ನಿಂತಿತು. ಪೆಟರ್ಸನ್ ಸೋದರರ ವೋರ್ಗೋರ್ಡಾದಲ್ಲಿ 2008ರಿಂದ ಹಲವು ವರ್ಷ ಮಹಿಳೆಯರ ಅಂತರರಾಷ್ಟ್ರೀಯ ತಂಡ ಟೈಮ್ ಟ್ರಯಲ್ ನಡೆಯಿತು ಎಂಬುದಷ್ಟು ಸಮಾಧಾನ.

ನಮ್ಮ ದೇಶದ ರಸ್ತೆ ಸವಾರರಿಗೆ ಒಲಿಂಪಿಕ್ಸ್ ದೂರದ ಮಾತು. ಭಾರತದ ಸೈಕಲ್ ಪಟುಗಳು ಅಲ್ಲಿ ಕೊನೆಯ ಬಾರಿ ಕಾಣಿಸಿಕೊಂಡದ್ದು 1964ರ ಟೋಕಿಯೋದಲ್ಲಿ, ಪೆಟರ್ಸನ್ ಸೋದರರು ಮೊದಲ ಪದಕ ಗೆದ್ದ ಅದೇ ಕೂಟದಲ್ಲಿ. ಆದರೆ ರಾಷ್ಟ್ರೀಯ ರಸ್ತೆ ಚಾಂಪಿಯನ್‌ಷಿಪ್‌ನಲ್ಲಿ ತಂಡ ಟೈಮ್ ಟ್ರಯಲ್ ಉಳಿದುಕೊಂಡು ಬಂದಿದೆ. ಕರ್ನಾಟಕ ಎಂದರೆ ಅಲ್ಲಿ ಬಹುಮಟ್ಟಿಗೆ ವಿಜಯಪುರ ಮತ್ತು ಬಾಗಲಕೋಟೆ. ಎರಡೂ ಕಡೆ ಕ್ರೀಡಾ ಇಲಾಖೆಯ ಸೈಕ್ಲಿಂಗ್ ವಸತಿ ನಿಲಯಗಳಿವೆ. ದಶಕಗಳಿಂದ ರಾಜ್ಯದ ಸೈಕಲ್ ಪಟುಗಳಲ್ಲಿ ಹೆಚ್ಚಿನವರು ಈ ಎರಡು ಜಿಲ್ಲೆಗಳ ಹಳ್ಳಿಗಳಿಂದ ಬಂದ ರೈತರ, ಕೂಲಿಕಾರರ ಮಕ್ಕಳು. ಜೋಳದ ಹೊಲಗಳ ನಡುವಿನ ನೇರ ರಸ್ತೆ, ಮರೆಯೇ ಇಲ್ಲದ ಬಯಲು, ಬದಿಯಿಂದ ಬೀಸುವ ಗಾಳಿ. ಸಾಲು ಕಟ್ಟುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಬೇಕಿಲ್ಲ. ಒಳ್ಳೆಯ ರೇಸಿಂಗ್ ಸೈಕಲ್‌ನ ಬೆಲೆ ಲಕ್ಷಗಳಲ್ಲಿದೆ. ಕೆಲವು ಮನೆಗಳ ವರ್ಷದ ಆದಾಯಕ್ಕಿಂತ ಅದು ಹೆಚ್ಚು.

ಇವರೂ ಹವ್ಯಾಸಿಗಳೇ. ಪದಕ ಬಂದರೆ ರೈಲ್ವೆಯಲ್ಲೋ ಸೇನೆಯಲ್ಲೋ ಕ್ರೀಡಾ ಕೋಟಾದ ನೌಕರಿ ಸಿಕ್ಕೀತು ಎಂಬ ಆಸೆ ಇದ್ದೇ ಇರುತ್ತದೆ. ರಾಷ್ಟ್ರೀಯ ಕೂಟಗಳಲ್ಲಿ ರೈಲ್ವೆ ಮತ್ತು ಸರ್ವೀಸಸ್ ತಂಡಗಳು ಬಲಿಷ್ಠವಾಗಿರುವುದರ ಗುಟ್ಟೂ ಇಲ್ಲಿದೆ. ಬ್ಯಾಟೆಲ್ ಅವರನ್ನು ಹೊರಗಿಡಲು ಹೊರಟ ಮಹನೀಯರು ಇವರನ್ನು ಏನೆನ್ನುತ್ತಿದ್ದರೋ! ತಂಡ ಟೈಮ್ ಟ್ರಯಲ್‌ನ ಒಂದು ಪದಕದಿಂದ ಒಬ್ಬರಲ್ಲ, ನಾಲ್ವರು ನೌಕರಿಯ ಅರ್ಜಿಗೆ ಪ್ರಮಾಣಪತ್ರ ಲಗತ್ತಿಸಬಹುದು. ಹಾಗಾಗಿ ಜತೆಗಾರನ ಕಾಲುನೋವು ಇಲ್ಲಿ ಅವನೊಬ್ಬನ ನೋವಲ್ಲ.

ಅಂಥ ಸಾಲಿನಲ್ಲಿ ಒಬ್ಬ ಹಿಂದೆ ಬಿದ್ದರೆ ಉಳಿದ ಮೂವರು ತಿರುಗಿ ನೋಡುವುದಿಲ್ಲ. ನೋಡಬಾರದೆಂದು ಮೊದಲೇ ಮಾತಾಗಿರುತ್ತದೆ. ಇನ್ನೊಬ್ಬ ಹಿಂದೆ ಬಿದ್ದರೆ ಮಾತ್ರ ಮುಂದಿನ ಇಬ್ಬರು ಪೆಡಲ್ ತುಳಿಯುವುದನ್ನು ನಿಲ್ಲಿಸಿ, ಹಿಂದಿನಿಂದ ಅವನ ಚಕ್ರದ ಸದ್ದು ಕೇಳುವವರೆಗೆ ಕಾಯುತ್ತಾರೆ.